ನಕ್ಷೆಯ ಮೇಲೆ ನಿಂತ ಚುಕ್ಕಿ

ಮೊಬೈಲಿನ ನಕ್ಷೆಯ ಮೇಲೆ ಹರಿದಾಡುವ ನೀಲಿ ಚುಕ್ಕಿಯನ್ನು ನೀವೂ ನೋಡಿರುತ್ತೀರಿ. ಓಡುವಾಗ ಅದು ಬರೀ ಚುಕ್ಕಿ, ನಿಂತಿತೆಂದರೆ ಮಾತ್ರ ನೋಡುವವನ ಜೀವ ತಿನ್ನತೊಡಗುತ್ತದೆ.

ಸಕ್ಕರೆ ಕಾಯಿಲೆಗೆ ವ್ಯಾಯಾಮ ಮಾಡಿರೆಂದು ವೈದ್ಯರು ಹೇಳಿದ್ದು ನನಗೆ. ಅದನ್ನು ನಿಷ್ಠೆಯಿಂದ ಪಾಲಿಸುತ್ತಿರುವವಳು ನನ್ನ ಧರ್ಮಪತ್ನಿ ಗಿರಿಜಾ. ದಿನಾ ಬೆಳಿಗ್ಗೆ ಕೊಟ್ಟೂರಿನ ನಮ್ಮ ಓಣಿಯಿಂದ ಸೈಕಲ್ ಹತ್ತಿ, ಹರಪನಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುತ್ತಾಳೆ. ನಾನು ಚಹಾ ಕುಡಿಯುತ್ತ ಅವಳ ಆರೋಗ್ಯಕ್ಕೆ ಶುಭ ಹಾರೈಸುತ್ತಿದ್ದೆ. ಒಮ್ಮೆ ಹಿಂದಿನಿಂದ ಬಂದ ಬಸ್ಸೊಂದು ಅವಳ ಹ್ಯಾಂಡಲ್ ಸವರಿಕೊಂಡು ಹೋದದ್ದೇ ತಡ, ನನ್ನೊಳಗಿನ ರಕ್ಷಣಾ ಮಂತ್ರಿ ಎಚ್ಚೆತ್ತು ಇಬ್ಬರ ಫೋನಿಗೂ ಒಂದು ಆ್ಯಪ್ ಹಾಕಿಸಿದ: ಯಾರು ಎಲ್ಲಿದ್ದಾರೆಂದು ಅದು ತೋರಿಸುತ್ತದೆ, ಒಬ್ಬರು ಬಿದ್ದರೆ ಇನ್ನೊಬ್ಬರಿಗೆ ಕೂಗಿ ಹೇಳುತ್ತದೆ. ಅಂದಿನಿಂದ ಚಹಾ ಆರುತ್ತಿತ್ತು, ಪತ್ರಿಕೆ ಮಡಿಸಿದಂತೆಯೇ ಇರುತ್ತಿತ್ತು, ಕಣ್ಣು ಮಾತ್ರ ಚುಕ್ಕಿಯ ಬೆನ್ನು ಹತ್ತಿರುತ್ತಿತ್ತು.

ಮೊನ್ನೆ ಆ ಚುಕ್ಕಿ ನಿಂತುಬಿಟ್ಟಿತು. ಕರೆ ಮಾಡಿದರೆ ಎತ್ತಲಿಲ್ಲ. ಬಸ್ಸು, ಲಾರಿ, ಬೀದಿನಾಯಿ, ಮನಸ್ಸು ಯಾವುದನ್ನೂ ಬಿಡಲಿಲ್ಲ. ಸ್ಕೂಟರ್ ಹತ್ತಿ, ಎಡಗೈಯಲ್ಲಿ ಫೋನು ಹಿಡಿದು, ನನ್ನ ಚುಕ್ಕಿ ಅವಳ ಚುಕ್ಕಿಯನ್ನು ಸಮೀಪಿಸುವುದನ್ನೇ ನೋಡುತ್ತ ಧಾವಿಸಿದೆ. ಇನ್ನೇನು ಎರಡೂ ಕೂಡಿದವು ಎನ್ನುವಾಗ ತಲೆ ಎತ್ತಿದರೆ ಎದುರಿಗೇ ಗಿರಿಜಾ! ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರಿಂದ ಸೈಕಲ್ ಇಳಿದು, ಕಾಳು ಹರವುತ್ತಿದ್ದ ಹೆಂಗಸಿನೊಡನೆ ಮಾತಿಗೆ ನಿಂತಿದ್ದಳು. ಬ್ರೇಕ್ ಒತ್ತಿದೆ. ಕಾಳಿನ ಮೇಲೆ ಗಾಲಿ ಜಾರಿ ನಾನು ಉರುಳಿದೆ. ಸ್ಕೂಟರ್ ಹೋಗಿ ಅವಳ ಸೈಕಲ್ಲಿಗೆ ಬಡಿಯಿತು. ಅವಳು ಹ್ಯಾಂಡಲ್ ಬಿಟ್ಟು ಹಿಂದಕ್ಕೆ ಜಿಗಿದಿದ್ದರಿಂದ ಉಳಿದಳು. ಆಗ ಅವಳ ಫೋನು ಚೀರತೊಡಗಿತು: ನಾನು ಬಿದ್ದಿರಬಹುದಂತೆ.

"ಬಿದ್ರೂ ಫೋನು ಬಿಟ್ಟಿಲ್ಲ ನೋಡ್ರಿ ಅಕ್ಕಾರ," ಎಂದಳು ಆ ಹೆಂಗಸು.

ಗಿರಿಜಾ ನಗಲಿಲ್ಲ. "ಬಸ್ಸಿನವನರ ರಸ್ತಿ ನೋಡ್ತಿದ್ದ. ನೀವು ನನ್ನ ನೋಡ್ಕಂತ ನನ್ನ ಮ್ಯಾಲೇ ಬಂದ್ರಲ್ರೀ!"

ಎದ್ದು ಸೈಕಲ್ ಎತ್ತಿ ನಿಲ್ಲಿಸಿದೆ; ಗಾಲಿ ಸೊಟ್ಟಗಾಗಿತ್ತು. ಅಲ್ಲಿ ಅವಳ ಕಾಲಿರಬಹುದಿತ್ತು.

ಗಾಲಿ ರಿಪೇರಿಯಾಗಿದೆ, ಅವಳು ಮತ್ತೆ ಹೊರಟಿದ್ದಾಳೆ. ಬಿದ್ದರೆ ಕೂಗುವ ಏರ್ಪಾಡನ್ನು ಉಳಿಸಿಕೊಂಡು, ಎಲ್ಲಿದ್ದಾಳೆಂದು ತೋರಿಸುವುದನ್ನಷ್ಟೇ ಬಂದ್ ಮಾಡಿದ್ದಾಳೆ. ನಕ್ಷೆಯಲ್ಲೀಗ ನನ್ನದೊಂದೇ ಚುಕ್ಕಿ. ಅವಳು ಬರುವವರೆಗೆ ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ನಾನೆಷ್ಟು ಓಡಾಡಿದರೂ ಅದು ನಿಂತಲ್ಲೇ ನಿಂತಿರುತ್ತದೆ.