ಶಾಲು ಹೊದಿಸಿ ಕಳಿಸುವ ಸಮಿತಿ

ಇಟ್ಟಮಡುವಿನ ನಮ್ಮ ಬಡಾವಣೆ ಸಂಘದ ಹಣಕಾಸು ಸಮಿತಿ ಇದುವರೆಗೆ ಯಾರ ಮನವಿಯನ್ನೂ ತಿರಸ್ಕರಿಸಿಲ್ಲ. ಅಧ್ಯಕ್ಷರಾದ ನನ್ನ ಭಾವ, ಅಂದರೆ ನನ್ನ ಯಜಮಾನರ ಅಣ್ಣ, ಇದನ್ನು ಎದೆಯುಬ್ಬಿಸಿ ಹೇಳುತ್ತಾರೆ. ಸುಳ್ಳೇನಲ್ಲ. ಬೇಡದ ಮನವಿ ಬಂದರೆ ನಮ್ಮಲ್ಲಿ ಅದನ್ನು ಕೊಟ್ಟವರಿಗೆ ರಾಜ್ಯೋತ್ಸವದ ದಿನ ಸನ್ಮಾನ ಮಾಡುತ್ತಾರೆ. ಶಾಲು, ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ. ಅಷ್ಟೆಲ್ಲ ಮಾಡಿಸಿಕೊಂಡ ಮೇಲೆ ಮರ್ಯಾದಸ್ಥರು ಯಾರೂ ಮತ್ತೆ ಬಂದು ನನ್ನ ಮನವಿ ಏನಾಯ್ತು ಎಂದು ಕೇಳುವುದಿಲ್ಲ. ಚರಂಡಿಯ ಚಪ್ಪಡಿ ಒಡೆದಿದೆ, ಹಾಕಿಸಿಕೊಡಿ ಎಂದು ಬರೆದುಕೊಟ್ಟ ನಿವೃತ್ತ ಪೋಸ್ಟ್ ಮಾಸ್ಟರಿಗೆ ‘ಹಿರಿಯ ಚೇತನ’ ಎಂದು ಶಾಲು ಹೊದಿಸಿದರು. ಅವರು ಪೇಟ ತೊಟ್ಟುಕೊಂಡೇ ಆ ಒಡೆದ ಚಪ್ಪಡಿಯನ್ನು ದಾಟಿ ಮನೆಗೆ ಹೋದರು. ಚಪ್ಪಡಿ ಈಗಲೂ ಹಾಗೇ ಇದೆ.

ಸಮಿತಿಯಲ್ಲಿ ಒಬ್ಬ ಹೆಂಗಸು ಇರಲೇಬೇಕೆಂದು ಯಾರೋ ನಿಯಮ ಬರೆದಿಟ್ಟಿದ್ದರಿಂದ ನನ್ನನ್ನು ಸೇರಿಸಿಕೊಂಡರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ಎಂದಲ್ಲ, ಭಾವನ ತಮ್ಮನ ಹೆಂಡತಿ, ಅದೂ ಗಂಡ ತೀರಿಕೊಂಡವಳು, ಬಾಯಿ ಮುಚ್ಚಿಕೊಂಡು ಇರುತ್ತಾಳೆ ಎಂದು. ಅದೊಂದು ವಿಷಯದಲ್ಲಿ ಅವರ ಲೆಕ್ಕ ತಪ್ಪಿತು.

ಸಭೆಯಲ್ಲಿ ಪ್ರತಿ ಮನವಿಗೂ ಭಾವ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಇದರಿಂದ ಯಾರಿಗೆ ಉಪಯೋಗ?’ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದರ ಅರ್ಥ, ಉಪಯೋಗ ಪಡೆಯುವವನಿಗೆ ಇಲ್ಲಿ ಸೈಟಿದೆಯೋ ಇಲ್ಲವೋ ಎಂದು. ಸೈಟಿದ್ದರೆ ಉದ್ದಿನವಡೆ ತಿಂದು ಮುಗಿಸುವುದರೊಳಗೆ ಮಂಜೂರು. ಬಡಾವಣೆಯ ಬಾಗಿಲಲ್ಲಿರುವ ಕಮಾನಿಗೆ ಗ್ರಾನೈಟ್ ಹೊದಿಸಿದ್ದು ಹಾಗೆ. ಈ ಬಡಾವಣೆ ರಾಗಿ ಹೊಲವಾಗಿದ್ದಾಗ ಅದನ್ನು ಉಳುತ್ತಿದ್ದ ಮಾವನವರ ಹೆಸರು ಅದರ ಮೇಲಿದೆ. ಅವರ ಕಾಲದಲ್ಲಿ ಚೊಂಬು ಹಿಡಿದು ಹೊಲದ ಬದುವಿಗೆ ಬಂದವರು ಯಾರೇ ಆಗಲಿ, ಇದೇನು ನಿನ್ನ ಹೊಲವೇ ಎಂದು ಅವರು ಕೇಳುತ್ತಿರಲಿಲ್ಲ.

ನಮ್ಮ ರಸ್ತೆ ಗುಡಿಸುವ ಹೆಂಗಸಿನ ಮನವಿಯನ್ನು ಬರೆದುಕೊಟ್ಟವಳು ನಾನೇ. ಪೌರಕಾರ್ಮಿಕರು ಬೆಳಕು ಹರಿಯುವ ಮೊದಲೇ ಬರುತ್ತಾರೆ, ಮಧ್ಯಾಹ್ನದವರೆಗೂ ಇರುತ್ತಾರೆ. ಅಷ್ಟು ಹೊತ್ತೂ ಅವರಿಗೆ ಹೋಗಲು ಎಲ್ಲೂ ಜಾಗವಿಲ್ಲ. ಅದಕ್ಕೇ ಈಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಉರಿಮೂತ್ರ ಬಂದು ಆಸ್ಪತ್ರೆಗೆ ಹೋದಳು.

‘ಡಾಕ್ಟ್ರು ನೀರು ಜಾಸ್ತಿ ಕುಡೀಬೇಕು ಅಂದ್ರು ಮೇಡಂ,’ ಎಂದು ಪೊರಕೆ ಊರಿಕೊಂಡು ನಕ್ಕಳು. ‘ಕುಡಿದ್ಬುಟ್ಟು ಎಲ್ಲೋಗ್ಲಿ? ಈಗ ತಡಕೊಳ್ಳಾಕೂ ಆಗಲ್ಲ.’

ನಮ್ಮ ಮನೆಗೇ ಬಾ ಎಂದೆ. ಎರಡು ದಿನ ಬಂದಳು. ಮನೆ ಭಾಗವಾದಾಗ ಮೇಲಿನ ಮಹಡಿ ನಮಗೆ, ಕೆಳಗಿನದು ಮತ್ತು ಗೇಟು ಭಾವನಿಗೆ ಹೋಗಿತ್ತು. ಮೂರನೆಯ ದಿನ ಗೇಟಿಗೆ ಬೀಗ. ಕೇಳಿದ್ದಕ್ಕೆ ‘ಕಳ್ಳರು ಜಾಸ್ತಿ ಆಗಿದಾರಮ್ಮ’ ಎಂದರು. ಸಂಘದ ಆಫೀಸಿನ ಹಿಂದೆ ಒಳ್ಳೆಯ ಟಾಯ್ಲೆಟ್ ಒಂದು ಯಾವಾಗಲೂ ಬೀಗ ಹಾಕಿಕೊಂಡು ನಿಂತಿತ್ತು. ಬೆಳಗಿನ ಹೊತ್ತು ಅದನ್ನು ಇವರಿಗೆ ತೆಗೆದುಕೊಡಿ ಎಂಬುದೇ ಮನವಿ.

ಸಭೆಯಲ್ಲಿ ಓದಿದೆ. ಮೆಡಿಕಲ್ ಸ್ಟೋರ್ ಇಟ್ಟಿರುವ ಸದಸ್ಯರು ವಡೆ ಮುರಿಯುತ್ತಾ, ‘ಇವತ್ತು ಇವ್ರಿಗೆ ಕೊಟ್ರೆ ನಾಳೆ ಗಾರೆ ಕೆಲ್ಸದೋರು ಬರ್ತಾರೆ, ನಾಡಿದ್ದು ಡೆಲಿವರಿ ಹುಡುಗ್ರು. ಕ್ಲೀನ್ ಮಾಡೋರು ಯಾರು ಮೇಡಂ?’ ಎಂದರು.

‘ನಿಮ್ಮ ಅಂಗಡಿ ಮುಂದಿನ ಗಲೀಜು ಯಾರು ಕ್ಲೀನ್ ಮಾಡ್ತಿದಾರೋ ಅವರೇ ಸಾರ್,’ ಎಂದೆ.

ಭಾವ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಕಣ್ಣು ತೇವ ಮಾಡಿಕೊಂಡು ‘ಪಾಪ,’ ಎಂದರು. ‘ಎಷ್ಟು ಕಷ್ಟಪಡ್ತಾರೆ. ಅವ್ರಿಗೆ ನಾವು ಏನಾದ್ರೂ ಮಾಡ್ಲೇಬೇಕು.’

ಭಾವ ಪಾಪ ಅಂದರೆ ಶಾಲು ಬರುತ್ತದೆ.

ಬಂತು. ರಾಜ್ಯೋತ್ಸವದ ದಿನ ಆಫೀಸಿನ ಮುಂದೆ ಶಾಮಿಯಾನ ಹಾಕಿ, ವೇದಿಕೆಯ ಮೇಲೆ ಮದುವೆ ಮನೆಯ ಕೆಂಪು ವೆಲ್ವೆಟ್ ಕುರ್ಚಿಗಳನ್ನು ತಂದಿಟ್ಟರು. ಮುಖ್ಯ ಅತಿಥಿಯ ಹೆಂಡತಿಯೂ ಬರುತ್ತಾರೆಂದು ಟಾಯ್ಲೆಟ್ಟಿನ ಬೀಗ ತೆಗೆಯಲಾಯಿತು. ಬೆಳಗ್ಗೆ ಅದನ್ನು ಫಿನಾಯಿಲ್ ಹಾಕಿ ತೊಳೆದವಳು ರಸ್ತೆ ಗುಡಿಸುವ ಆಕೆಯೇ. ತೊಳೆದು ಈಚೆ ಬರುತ್ತಿದ್ದಂತೆ ಭಾವ ಬೀಗ ಹಾಕಿ ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿದರು. ಅತಿಥಿಯ ಹೆಂಡತಿಗೆ ಒಮ್ಮೆ ತೆಗೆದುಕೊಟ್ಟರು. ಕೀಲಿ ಮತ್ತೆ ಜೇಬಿಗೆ ಹೋಯಿತು.

ಆಕೆಗೆ ಪೇಟ ತೊಡಿಸಿ, ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿದರು. ಭಾವ ಮೈಕಿನಲ್ಲಿ ‘ನಮ್ಮ ತಾಯಿ’ ಎಂದರು. ದೊಡ್ಡ ಲೋಟದಲ್ಲಿ ಕಲ್ಲಂಗಡಿ ಜ್ಯೂಸು ತಂದು ತಮ್ಮ ಕೈಯಾರೆ ಕುಡಿಸಲು ಹೋದರು. ಬೇಡ ಸಾರ್ ಎಂದು ಆಕೆ ಮುಖ ತಿರುಗಿಸಿದಳು. ಸಂಕೋಚವೆಂದು ತಿಳಿದು ಜನ ನಕ್ಕರು. ಫೋಟೊದವನು ‘ಇನ್ನೊಂದ್ಸಲ ಸಾರ್’ ಎಂದ. ಪೂರ್ತಿ ಲೋಟ ಕುಡಿಸಿದರು. ಮೇಲಿಂದ ಮುಖ್ಯ ಅತಿಥಿಗಳು ಕನ್ನಡ ತಾಯಿಯ ವಿಷಯ ಎತ್ತಿಕೊಂಡರು. ಇಂಥವರು ಬೇಗ ಮುಗಿಸುವುದುಂಟೇ?

ಆಕೆ ನನ್ನನ್ನು ಹುಡುಕಿ ನೋಡಿದಳು. ಆ ನೋಟ ಅರ್ಥವಾಗಿ ನಾನು ವೇದಿಕೆ ಹತ್ತಿ ಹೋಗಿ, ಭಾವನ ಕಿವಿಯಲ್ಲಿ ಕೀಲಿ ಕೊಡಿ ಎಂದೆ.

‘ಗೆಸ್ಟ್ ಮಾತಾಡ್ತಿದಾರೆ, ಎದ್ದು ಹೋದ್ರೆ ಏನಂದ್ಕೋತಾರೆ? ಐದು ನಿಮಿಷ ಕೂತ್ಕೊಳ್ಳಕ್ಕೆ ಹೇಳಮ್ಮ,’ ಎಂದರು. ಮುಖದಲ್ಲಿ ನಗು ಕದಲಲಿಲ್ಲ, ಫೋಟೊದವನು ಎದುರಿಗೇ ಇದ್ದ. ಅವರ ಜೇಬಿಗೆ ಕೈ ಹಾಕಿದೆ. ಎಲ್ಲರೆದುರು ನನ್ನ ಮಣಿಕಟ್ಟು ಹಿಡಿದು, ಮಗುವನ್ನು ಗದರುವಂತೆ ‘ಏನಮ್ಮಾ ಇದು’ ಎಂದರು. ಮತ್ತೆ ತಿರುಗಿ ನೋಡುವಷ್ಟರಲ್ಲಿ ಆಕೆ ತಲೆ ಬಗ್ಗಿಸಿದ್ದಳು. ಶಾಲನ್ನು ಭುಜದಿಂದ ತೆಗೆದು ತೊಡೆಯ ಮೇಲೆ ಹರಡಿಕೊಂಡಿದ್ದಳು.

ಕಾರ್ಯಕ್ರಮ ಮುಗಿದು ಜನ ಬಿಸಿಬೇಳೆಬಾತಿನ ಸಾಲಿಗೆ ನಿಂತರೂ ಆಕೆ ಕುರ್ಚಿಯಿಂದ ಏಳಲಿಲ್ಲ. ನಾನು ಪಕ್ಕದಲ್ಲಿ ನಿಂತೆ. ‘ಎಲ್ರೂ ಹೋಗ್ಲಿ ಮೇಡಂ,’ ಎಂದಳು. ಎಲ್ಲರೂ ಹೋದ ಮೇಲೆ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಎದ್ದು, ಪೇಟವನ್ನು ಹಣ್ಣಿನ ಬುಟ್ಟಿಯ ಮೇಲಿಟ್ಟು, ಎರಡನ್ನೂ ಅಲ್ಲೇ ಬಿಟ್ಟು ಹೋದಳು. ಮಾರನೆಯ ವಾರ ಮೇಸ್ತ್ರಿಯನ್ನು ಕೇಳಿಕೊಂಡು ವಸಂತಪುರದ ಕಡೆ ಕೆಲಸ ಹಾಕಿಸಿಕೊಂಡಳಂತೆ. ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಮುಂದಿನ ಸಭೆಗೆ ಶಾಮಿಯಾನದವನು ಬಂದು, ಒಂದು ಕುರ್ಚಿ ಹಾಳಾಗಿದೆ, ವೆಲ್ವೆಟ್ ಬದಲಾಯಿಸಬೇಕು ಎಂದ. ಸದಸ್ಯರು ಮೂಗು ಮುರಿದರು. ಮೆಡಿಕಲ್ ಸ್ಟೋರಿನವರು, ಇನ್ನು ಮುಂದೆ ಇಂಥವರನ್ನು ಕುರ್ಚಿಯಲ್ಲಿ ಕೂರಿಸದೆ, ನಿಲ್ಲಿಸಿಯೇ ಸನ್ಮಾನ ಮಾಡಬೇಕು ಎಂದು ಸೂಚಿಸಿದರು. ಅಷ್ಟು ಬೇಗ ಮಂಜೂರಾದ ಸೂಚನೆಯನ್ನು ನಾನು ಇನ್ನೊಂದು ಕಂಡಿಲ್ಲ. ಯಾರಿಗೆ ಉಪಯೋಗ ಎಂದು ಭಾವ ಕೇಳಲೂ ಇಲ್ಲ.

ನಾನು ಎದ್ದು ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನೀವು ಮನುಷ್ಯರೇ ಎಂದೆ. ನಿಮಗೆ ಸಕ್ಕರೆ ಕಾಯಿಲೆ ಇದೆ, ರಾತ್ರಿ ಎಷ್ಟು ಸಲ ಏಳುತ್ತೀರಿ ಅಂತ ಮೇಲಿನ ಮಹಡಿಗೂ ಕೇಳಿಸುತ್ತದೆ ಭಾವ ಎಂದೆ. ಅವರಿಗೆ ಸಿಟ್ಟು ಬರಲಿ ಎಂದೇ ಅಂದದ್ದು, ಅವಮಾನವಾಗಲಿ ಎಂದೇ.

ಭಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ತಿರುಗಿದರು. ಅವರ ಕಣ್ಣು ತೇವವಾಯಿತು.

‘ಪಾಪ,’ ಎಂದರು. ‘ಇಷ್ಟು ವರ್ಷದಿಂದ ದುಡೀತಿದಾಳೆ. ಮುಂದಿನ ರಾಜ್ಯೋತ್ಸವಕ್ಕೆ ನಮ್ಮನೆ ಹೆಣ್ಮಗಳಿಗೇ ಒಂದು ಸನ್ಮಾನ ಇಟ್ಕೊಳ್ಳೋಣ.’

ಎಲ್ಲರೂ ಚಪ್ಪಾಳೆ ತಟ್ಟಿದರು.