ಹೂಂ ಅಂದ ತಪ್ಪಿಗೆ

ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಕಂಪ್ಯೂಟರೆಂದರೆ ಎಲ್ಲವನ್ನೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸುತ್ತದೆ ಎಂದುಕೊಂಡಿದ್ದೆ. ಕ್ಯಾಸೆಟ್ಟಿನ ಮುಂದೆ ಅದೂ ನನ್ನ ಹಾಗೆ ಕೈಕಟ್ಟಿ ಕೂರುತ್ತದೆ. ಅಂದಿನಿಂದ ಅದರ ಮೇಲೆ ನನಗೆ ಸ್ವಲ್ಪ ಸಲಿಗೆ.

ಇಳಿಸಬೇಕಾಗಿದ್ದದ್ದು ಒಂದೇ ಕ್ಯಾಸೆಟ್ಟು. ನನ್ನ ಹೆಂಡತಿ ಶರಣಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಜಹೀರಾಬಾದಿನ ನಮ್ಮ ಮನೆಯಲ್ಲಿ ಅವಳ ಫೋಟೋ ಮೂರಿವೆ. ಮೂರರಲ್ಲೂ ಬಾಯಿ ಮುಚ್ಚಿಕೊಂಡಿದ್ದಾಳೆ. ಬಲ್ಲವರು ಅದು ಅವಳೇ ಎಂದು ನಂಬುವುದು ಕಷ್ಟ. ದನಿ ಉಳಿದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಅದು ಅವಳು ತಂಗಿಗೆ ಬರೆದ ಕಾಗದ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ನಾನು ಬೀದರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಹತ್ತನೇ ಇಯತ್ತೆಯವರೆಗೆ ಓದಿ ಕನ್ನಡ ಬರೆಯಲು ಕಲಿತವನು. ಶರಣಮ್ಮನದು ತೆಲುಗು ಮೂರನೇ ಕ್ಲಾಸು. ತಂಗಿ ಕಮಲ ಶಾಲೆಯ ಕಟ್ಟೆಯನ್ನೇ ಹತ್ತಿದವಳಲ್ಲ. ಕಮಲ ಮದುವೆಯಾಗಿ ನಾರಾಯಣಖೇಡಕ್ಕೆ ಹೋದ ಮೇಲೆ ಅಕ್ಕತಂಗಿ ಕ್ಯಾಸೆಟ್ಟಿನಲ್ಲಿ ಮಾತಾಡಿ ಜೀಪಿನ ಡ್ರೈವರನ ಕೈಯಲ್ಲಿ ಕಳಿಸಿಕೊಳ್ಳುತ್ತಿದ್ದರು. ಇವಳ ಮಾತಿನ ಮೇಲೆ ಅವಳು, ಅವಳ ಮಾತಿನ ಮೇಲೆ ಇವಳು, ವರ್ಷಗಟ್ಟಲೆ ಅದೇ ಕ್ಯಾಸೆಟ್ಟು. ಮೂಲದಲ್ಲಿ ಅದು ಭಜನೆಯದು. ಕೊಂಡು ತಂದ ಕ್ಯಾಸೆಟ್ಟಿನ ಮೇಲೆ ಯಾರೂ ರೆಕಾರ್ಡು ಮಾಡಬಾರದೆಂದು ಬೆನ್ನಿಗೆ ಎರಡು ತೂತು ಬಿಟ್ಟಿರುತ್ತಾರಲ್ಲ, ಅವಕ್ಕೆ ಶರಣಮ್ಮ ಹಣೆಗೆ ಹಚ್ಚುವ ದೊಡ್ಡ ಟಿಕಳಿಗಳನ್ನು ಒಂದರ ಮೇಲೊಂದು ಅಂಟಿಸಿ ಮುಚ್ಚಿದ್ದಳು. ದೇವರ ಹಾಡು ಅಳಿಸಿದ್ದಕ್ಕೆ ಕ್ಯಾಸೆಟ್ಟಿಗೆ ಕುಂಕುಮವಿಟ್ಟು ಸಮಾಧಾನ ಮಾಡಿದಂತಿತ್ತು.

ಕೊನೆಯ ಕಾಗದ ಜೀಪು ಹತ್ತುವ ಮೊದಲೇ ಎರಡೂ ಮನೆಗೆ ಫೋನಿನ ಕನೆಕ್ಷನ್ ಬಂತು. ಹಾಗಾಗಿ ಅದು ನಮ್ಮ ಕಪಾಟಿನಲ್ಲೇ ಉಳಿಯಿತು.

ಅದನ್ನು ಇಳಿಸಬೇಕೆಂದು ನಾನು ಹೊರಟದ್ದು ತೆಲಂಗಾಣದ ಹೋರಾಟದ ದಿನಗಳಲ್ಲಿ, ಬಂದ್ ನಡೆದಿತ್ತು. ಟೇಪ್ ರೆಕಾರ್ಡರಿಗೂ ಕಂಪ್ಯೂಟರಿಗೂ ನಡುವೆ ಹಾಕುವ ವೈರು ಸಿಗಲಿಲ್ಲ. ಕಂಪ್ಯೂಟರಿನ ಒಡತಿ ನನ್ನ ಮಗಳು ಸಾವಿತ್ರಿ, “ಎರಡು ದಿನ ತಾಳಪ್ಪಾ, ಅಂಗಡಿ ತೆಗೀಲಿ” ಅಂದು ಗೆಳತಿಯ ಮನೆಗೆ ಹೋದಳು. ಎಂಟು ತಿಂಗಳು ತಾಳಿದವನಿಗೆ ಆ ಎರಡು ದಿನ ತಾಳಲಾಗಲಿಲ್ಲ. ಕಂಪ್ಯೂಟರಿನ ಮೈಕನ್ನು ಟೇಪಿನ ಬಾಯಿಗೆ ಹಿಡಿದು ಕೂತೆ.

“ಕಮಲಾ, ಕೇಳಾಕತ್ತಿ ಏನ?” ಅಂದಳು ಶರಣಮ್ಮ. ಅಂದು ಸುಮ್ಮನಾದಳು.

ನಮ್ಮಲ್ಲಿ ಮಾತಾಡುವವರು ನಡುನಡುವೆ ನಿಲ್ಲುತ್ತಾರೆ. ಕೇಳುವವರು ಹೂಂ ಅನ್ನಬೇಕು. ಅನ್ನದಿದ್ದರೆ ಮುಂದಿನ ಮಾತಿಲ್ಲ. ನಮ್ಮ ಮೂರು ಭಾಷೆಗೂ ಹೂಂ ಒಂದೇ. ರಾಜ್ಯ ಎಷ್ಟು ಹೋಳಾದರೂ ಅದರ ಪಾಲಿಗೆ ಜಗಳ ಬರಲಾರದು. ಕ್ಯಾಸೆಟ್ಟಿನಲ್ಲೂ ಶರಣಮ್ಮ ತಂಗಿಯ ಹೂಂಗೆ ಜಾಗ ಬಿಟ್ಟಿದ್ದಳು. ಆ ಜಾಗಗಳಲ್ಲೆಲ್ಲ ನಾನು ಅರಿವಿಲ್ಲದೆ ಹೂಂ ಅಂದೆ. ಮೈಕು ಅಷ್ಟನ್ನೂ ಹಿಡಿಯಿತು. ಬೀದಿಯ ಮೆರವಣಿಗೆಯ ಜೈ ತೆಲಂಗಾಣವನ್ನೂ, ಕುಕ್ಕರಿನ ಮೂರು ಸೀಟಿಯನ್ನೂ ಬಿಡಲಿಲ್ಲ.

ಸಾವಿತ್ರಿ ಕೇಳಿ ಹಣೆ ಬಡಿದುಕೊಂಡಳು. ವೈರು ತಂದು ಮತ್ತೆ ಮಾಡೋಣವೆಂದರೆ, ಹಿಂದಕ್ಕೆ ತಿರುಗಿಸುವಾಗ ಟೇಪು ಸಿಕ್ಕಿಕೊಂಡು ಚೂರುಚೂರಾಯಿತು. ಇನ್ನು ಶರಣಮ್ಮ ಇರುವುದು ನನ್ನ ಹೂಂಗಳ ಜೊತೆಗೆ ಮಾತ್ರ.

“ಅವ್ವನ ಸಂಗಟ ನೀನೂ ಪರ್ಮನೆಂಟ್ ಆದಿ ನೋಡಪ್ಪಾ” ಅಂದಳು ಮಗಳು.

ಬಂದ್ ಮುಗಿದ ಮೇಲೆ ಅದನ್ನು ಮೊಬೈಲಿಗೆ ಹಾಕಿಸಿಕೊಂಡು ನಾರಾಯಣಖೇಡಕ್ಕೆ ಹೋದೆ. ಎಷ್ಟಾದರೂ ಕಾಗದ ಕಮಲಳದು. ಅಕ್ಕನ ದನಿ ಬಂದೊಡನೆ ಅವಳು ಸೆರಗು ಬಾಯಿಗೊತ್ತಿ ಅತ್ತಳು. ನಾಲ್ಕನೆಯ ಹೂಂ ಹೊತ್ತಿಗೆ ಅಳು ಹೋಗಿ ಸಿಟ್ಟು ಬಂದಿತ್ತು.

“ಅಕ್ಕ ಮಾತಾಡಾಕತ್ತಿದ್ದು ನನ್ನ ಸಂಗಟ. ನನ್ನ ಹೂಂ ಎಲ್ಲಾ ನೀವೇ ಅಂದ್ಬಿಟ್ಟೀರಲ್ರಿ ಮಾವ!”

ಅಷ್ಟರಲ್ಲಿ ಮೊಬೈಲಿನೊಳಗೆ ಶರಣಮ್ಮ ಕೇಳಿದಳು: “ತಾಂಡೂರಿನಾಗ ಎರಡು ಸೀರಿ ನೋಡೀನಿ. ನಿನಗ ಹಸರದು ತರಲೋ, ಕೆಂಪು ತರಲೋ?”

“ಹೂಂ” ಅಂದೆ ನಾನು, ಒಳಗಿನಿಂದ.

ಕಮಲ ಬಿದ್ದು ಬಿದ್ದು ನಕ್ಕಳು. “ಹಸರೋ ಕೆಂಪೋ ಅಂದ್ರ ಹೂಂ ಅಂತಾರೇನ್ರಿ? ಅಕ್ಕ ಸುಳ್ಳ ಹೇಳ್ತಿದ್ದಿಲ್ಲ ಬಿಡ್ರಿ. ನೀವು ಆಕಿ ಮಾತು ಒಂದಿನಾನೂ ಕೇಳಿದವ್ರಲ್ಲ!” ಆಮೇಲೆ ಕಣ್ಣೊರೆಸಿಕೊಂಡು ಮೊಬೈಲಿನ ಹತ್ತಿರ ಬಗ್ಗಿ, ಮೆಲ್ಲಗೆ, “ಹಸರದೇ ತಾ ಅಕ್ಕಾ” ಅಂದಳು.

ನಾನು ವಾದಿಸಲಿಲ್ಲ, ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಮನೆಗೆ ಬಂದು, ಈ ಹೂಂಗಳನ್ನು ಕಿತ್ತು ಹಾಕಬಹುದೇ ಎಂದು ಮಗಳನ್ನು ಕೇಳಿದೆ. ಕೀಳಬಹುದು, ಆದರೆ ಅವ್ವನ ಮಾತಿನ ತುದಿಯೂ ಅಲ್ಲಲ್ಲಿ ಹೋಗುತ್ತದೆ ಅಂದಳು. ಬೇಡ ಅಂದೆ.

ಈಗ ಊಟವಾದ ಮೇಲೆ ಆಗಾಗ ಅದನ್ನು ಹಾಕಿಕೊಂಡು ಕೂರುತ್ತೇನೆ. ಹೂಂ ಅನ್ನುವ ಕೆಲಸವನ್ನು ಕಂಪ್ಯೂಟರಿನೊಳಗಿನವನು ನೋಡಿಕೊಳ್ಳುತ್ತಾನೆ. ನನಗೆ ಕೇಳಲಿಕ್ಕೆ ಪುರುಸೊತ್ತು ಸಿಕ್ಕಿದೆ.