ಗೇರ್‌ಬಾಕ್ಸ್ ಮಲ್ಲಪ್ಪ

ಗಾಡಿ ತಂದವರಿಗೆ ಮಲ್ಲಪ್ಪ ನಮಸ್ಕಾರ ಹೇಳಿದ್ದನ್ನು ನಾನು ಕಂಡಿಲ್ಲ. ಮಾಲೀಕ ಬಾಯಿ ತೆರೆಯುವ ಮೊದಲೇ "ನೀವು ಇಳೀರಿ" ಎನ್ನುತ್ತಿದ್ದ. ಪಕ್ಕದಲ್ಲಿ ಹೆಂಡತಿಯೋ ತಾಯಿಯೋ ಇದ್ದರೆ ಅವರನ್ನು ಕೂರಿಸಿಕೊಂಡು ತಾನೇ ಒಂದು ಸುತ್ತು ಓಡಿಸಿ ಬರುತ್ತಿದ್ದ. "ಗಾಡಿ ತಗೊಂಡಾವ ಮೊಬೈಲಿನ್ಯಾಗ ಓದಿದ್ದು ಹೇಳ್ತಾನ. ಬಾಜೂಕ ಕೂತಾಕಿ ಮೈಗೆ ಆದದ್ದು ಹೇಳ್ತಾಳ" ಎಂಬುದು ಅವನ ಸಿದ್ಧಾಂತ. ಆ ಹಮ್ಮು ಮೊದಲ ದಿನವೇ ನನ್ನ ಮೈ ಉರಿಸಿತು.

ಮುಧೋಳದ ಕಡೆಯವನು. ಅಪ್ಪ, ಅವ್ವ ಇಟ್ಟಿಗೆ ಹೊರಲು ನಾಸಿಕಕ್ಕೆ ಬಂದಾಗ ಜೊತೆಗೆ ಬಂದು, ಗ್ಯಾರೇಜುಗಳಲ್ಲಿ ದುಡಿದು, ಆಡಗಾಂವ್ ನಾಕಾದ ಹಿಂದೆ ಒಂದು ಶೆಡ್ಡು ಹಾಕಿಕೊಂಡಿದ್ದ. ಆಟೋಮ್ಯಾಟಿಕ್ ಗೇರಿನ ಗಾಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಕಾರ್ಖಾನೆ ಕಾಲೊನಿಯ ಕನ್ನಡದವರೆಲ್ಲ "ನಮ್ಮವನು" ಎಂದು ಅವನ ಬಳಿಯೇ ಹೋಗುತ್ತಿದ್ದರು. ಅವನ ಒಲೆ ಉರಿಯುತ್ತಿದ್ದುದು ಬಹುಪಾಲು ಅವರಿಂದಲೇ. ಬೈಯುವಾಗಲೂ 'ರಿ' ಮಾತ್ರ ಬಿಡುತ್ತಿರಲಿಲ್ಲ. "ತಲಿ ಇಲ್ಲೇನ್ರಿ ನಿಮಗ?" ಎಂದು ಬಹುವಚನದಲ್ಲೇ ಮರ್ಯಾದೆ ತೆಗೆಯುತ್ತಿದ್ದ.

ನಾನು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವನು. ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕಿಯೇ ಸಂಬಳ ತಿನ್ನುವವನು. ನಮ್ಮ ಮನೆಯ ಹಳೆಯ ದೊಡ್ಡ ಗಾಡಿ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ತಡವರಿಸಿ, ಇಂಜಿನ್ ಅರಚಿ, ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಜಗ್ಗುತ್ತಿತ್ತು. ಸೆನ್ಸರ್ ಹೋಗಿದೆ ಎಂದು ಮೊದಲೇ ತೀರ್ಮಾನಿಸಿ ಅವನ ಶೆಡ್ಡಿಗೆ ಹೋದೆ. ನನ್ನ ಹೆಂಡತಿ ಸುನಂದಾಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದವನು ನನ್ನ ಕಡೆ ತಿರುಗಿದ.

"ಗೇರ್ ಎಣ್ಣಿ ನೋಡೀರೇನು?"

"ನೋಡೀನಿ. ಎಣ್ಣಿ ಅಳತಿ ಕಡ್ಡಿ ಎತ್ತಿ ನೋಡೀನಿ, ಫುಲ್ ಐತಿ."

"ಇಂಜಿನ್ ಚಾಲೂ ಇಟ್ಟೋ, ಬಂದ್ ಮಾಡಿಯೋ?"

"ಬಂದ್ ಮಾಡಿ, ಆರಿದ ಮ್ಯಾಲೆ."

ಅಲ್ಲಿದ್ದ ನಾಲ್ಕು ಜನರೆದುರು ಅವನು ನಕ್ಕುಬಿಟ್ಟ. "ಇವ್ರು ವಿಮಾನ ಪಾಸ್ ಮಾಡ್ತಾರಂತ! ಬಂದ್ ಮಾಡಿದ್ರ ಎಣ್ಣಿ ಎಲ್ಲಾ ತಳಕ್ಕ ಇಳೀತೈತ್ರಿ, ಕಡ್ಡಿ ಸುಳ್ಳು ಹೇಳ್ತೈತಿ. ಇದರೊಳಗ ಎಣ್ಣಿ ಕಮ್ಮಿ ಐತಿ. ಗೇರ್‌ಬಾಕ್ಸಿನ ಆಕ್ಸಲ್ ಸೀಲ್ ಸೋರಾಕತ್ತೈತಿ. ಈಗ ಎಣ್ಣಿ ಹಾಕಿ ಕೊಡ್ತೀನಿ, ಆದ್ರ ಸೀಲ್ ಬದಲಿ ಮಾಡಾಕ ಎರಡು ದಿನ ಗಾಡಿ ಇಲ್ಲೇ ಬಿಡ್ರಿ."

"ಒಂದು ಹನಿನೂ ನೆಲದ ಮ್ಯಾಲೆ ಇಲ್ಲ. ಎಲ್ಲಿ ಸೋರತೈತಿ, ತೋರಿಸು."

"ನಾ ಹೇಳಿದ್ದು ಸಾಲೂದಿಲ್ಲೇನ್ರಿ?"

ತೋರಿಸಲಿಲ್ಲ. ಎಣ್ಣೆ ಹಾಕಿಸಿಕೊಂಡು, ಸಿಟ್ಟಿನಲ್ಲೇ ಗಾಡಿ ತಂದೆ. ದಿನವೂ ಬೆಳಿಗ್ಗೆ ಅದನ್ನು ಹಿಂದೆ ಸರಿಸಿ ನೆಲ ನೋಡಿದೆ. ಹನಿಯಿಲ್ಲ. ಗೇರೂ ನಯವಾಗಿ ಬೀಳುತ್ತಿತ್ತು. ಎಂಟನೆಯ ದಿನ ಕಾಲೊನಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಮಲ್ಲಪ್ಪ ಇಲ್ಲದ ಕೆಲಸ ಹುಟ್ಟಿಸುವ ಕಳ್ಳ. ಯಾರೂ ಹೋಗಬೇಡಿ." ಬರೆದಾಗ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಮರುತಿಂಗಳು ಸಂಭಾಜಿನಗರದಲ್ಲಿ ಸುನಂದಾಳ ತಂಗಿಯ ಮಗಳ ನಿಶ್ಚಿತಾರ್ಥ. ಗಂಗಾಪುರ ದಾಟುವ ಮೊದಲೇ ಗಾಡಿ ಬರೀ ಅರಚತೊಡಗಿತು, ಚಕ್ರ ಮಾತ್ರ ತಿರುಗಲಿಲ್ಲ. ಸುಡುವ ಬಿಸಿಲಲ್ಲಿ ರೇಷ್ಮೆ ಸೀರೆಯುಟ್ಟ ಸುನಂದಾ ರಸ್ತೆ ಬದಿ ನಿಂತಳು. ಎಳೆದುಕೊಂಡು ಹೋದ ಗ್ಯಾರೇಜಿನವನು ಗಾಡಿಯ ಹೊಟ್ಟೆಯ ಕೆಳಗಿನ ಪ್ಲೇಟ್ ಬಿಚ್ಚಿದ. ಅದರ ತುಂಬ ಎಣ್ಣೆ. ಓಡುವಾಗ ಸೋರಿದ್ದೆಲ್ಲ ನೆಲಕ್ಕೆ ಬೀಳದೆ ಅಲ್ಲೇ ನಿಂತಿತ್ತು. ಗೇರ್‌ಬಾಕ್ಸ್ ಒಳಗೆ ಸುಟ್ಟು ಹೋಗಿತ್ತು.

"ಮೊದಲು ಹೋಗಿ ಆ ಮನಶ್ಯಾಗ ತಪ್ಪಾತು ಅನ್ರಿ" ಎಂದಳು ಸುನಂದಾ.

ಹೋದೆ. ಯಾವಾಗಲೂ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ ಒಂದೇ ಗಾಡಿ ಇತ್ತು, ಅದೂ ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಯದು. ಮಲ್ಲಪ್ಪ ಸ್ಟೂಲಿನಿಂದ ಏಳಲಿಲ್ಲ.

"ಎಣ್ಣಿ ಪ್ಲೇಟಿನ್ಯಾಗ ಸಿಕ್ತೇನ್ರಿ?"

"ಗೊತ್ತಿದ್ದೂ ಅವತ್ತ ಯಾಕ ಬಿಚ್ಚಿ ತೋರಿಸಲಿಲ್ಲ?" ತಪ್ಪೊಪ್ಪಿಕೊಳ್ಳಲು ಹೋದವನ ಬಾಯಿಂದ ಮೊದಲು ಬಂದದ್ದು ಇದೇ.

"ನಂಬಾವ್ರಿಗೆ ತೋರಿಸ್ತೀನಿ. ತಪ್ಪು ಹಿಡಿಯಾಕ ಬಂದಾವ್ರಿಗೆ ತೋರಸೂದಿಲ್ಲ."

"ತಪ್ಪಾತು" ಎಂದೆ, ತಗ್ಗಿದ ದನಿಯಲ್ಲಿ.

"ನನ್ನ ಕಿವ್ಯಾಗ ಯಾಕ ಹೇಳ್ತೀರಿ? ನಾ ಕಳ್ಳ ಅಲ್ಲಂತ ನನಗ ಗೊತ್ತೈತಿ. ಎಲ್ಲಿ ಬರದೀರಿ, ಅಲ್ಲಿ ಬರೀರಿ. ಹೋಗ್ರಿ."

ಕೊಬ್ಬು ನೋಡು ಎಂದುಕೊಳ್ಳುತ್ತಲೇ ಹಿಂತಿರುಗಿದೆ. ಗುಂಪಿನಲ್ಲಿ ಬರೆಯಲು ಕೂತಾಗಲೆಲ್ಲ, ಕಡ್ಡಿ ನೋಡಲೂ ಬಾರದ ಇನ್‌ಸ್ಪೆಕ್ಟರ್ ಎಂದು ಕಾರ್ಖಾನೆಯೆಲ್ಲ ನಗುವುದು ಕಣ್ಣಿಗೆ ಕಟ್ಟುತ್ತಿತ್ತು. ಬರೆದು ಅಳಿಸಿದೆ. ಗಣಪತಿ ಹಬ್ಬ ಕಳೆಯಿತು, ದೀಪಾವಳಿಯೂ ಕಳೆಯಿತು.

ಸಂಕ್ರಾಂತಿಯ ದಿನ, ಸುನಂದಾ ಎದುರಿಗೇ ಕೂತು ನೋಡುತ್ತಿದ್ದಾಗ, ನಡೆದದ್ದೆಲ್ಲ ಬರೆದು ಕಳಿಸಿದೆ. ಯಾರೂ ನಗಲಿಲ್ಲ. ಮೂವರು ಅವನ ನಂಬರ್ ಕೇಳಿದರು. ಕಳಿಸುವ ಮೊದಲು ನಾನೇ ಫೋನ್ ಹಚ್ಚಿ ನೋಡಿದೆ, ಹತ್ತಲಿಲ್ಲ. ನಾಕಾದ ಹಿಂದೆ ಹೋಗಿ ನೋಡಿದರೆ ಅವನ ಶೆಡ್ಡಿನಲ್ಲಿ ಯಾರೋ ಟೈಲ್ಸ್ ಮಾರುತ್ತಿದ್ದರು. ಎಲ್ಲಿ ಹೋದ ಎಂದು ಕೇಳಿದೆ. "ಕಾಲೊನಿಯವರು ಬರೋದು ಬಿಟ್ಟ ಮೇಲೆ ಬಾಡಿಗೆ ಕಟ್ಟಲಾಗದೆ ಹೋದನಂತೆ, ನಿಮಗೆ ಗೊತ್ತಿಲ್ಲವೇ?" ಎಂದು ಅಂಗಡಿಯವನು ಮರಾಠಿಯಲ್ಲಿ ನನ್ನನ್ನೇ ಕೇಳಿದ.